ಬೆಳ್ಳಗೇ ಉಳಿದ ಕಾಗದ

ಮೊಹರು ಒಡೆದಿರಲಿಲ್ಲ. ಬೀಗ ಭದ್ರವಾಗಿತ್ತು. ಆದರೂ ಯಂತ್ರದೊಳಗಿನ ಕಾಗದ ಅಂಗಡಿಯಿಂದ ಆಗತಾನೇ ತಂದಂತೆ ಬೆಳ್ಳಗಿತ್ತು.

ಪರಿಸರ ಮಂಡಳಿಯ ಅಧಿಕಾರಿ ಅದನ್ನು ಬೆಳಕಿಗೆ ಹಿಡಿದು ನೋಡಿದ. ಗಾಳಿಯಲ್ಲಿನ ಧೂಳು ತೂಗುವುದೇ ಅವನ ಉದ್ಯೋಗವಾದ್ದರಿಂದ ಕಚೇರಿಯಲ್ಲಿ ಎಲ್ಲರೂ ಅವನನ್ನು ‘ಧೂಳು ಸಾಹೇಬ’ ಎಂದು ಆಡಿಕೊಳ್ಳುತ್ತಿದ್ದರು. ಮನೆಯ ಕಪಾಟು ಒರೆಸಲು ಹೇಳಿದಾಗ ಮಾತ್ರ ಅವನಿಗೆ ಧೂಳು ಕಾಣುವುದಿಲ್ಲ ಎಂಬುದು ಹೆಂಡತಿಯ ದೂರು. ಆದರೆ ಕಬ್ಬಿಣ ಕರಗಿಸುವ ಕಾರ್ಖಾನೆಯ ಬೆನ್ನಿಗೇ ಇಷ್ಟು ಬಿಳಿ ಕಾಗದವನ್ನು ಅವನು ಎಂದೂ ಕಂಡಿರಲಿಲ್ಲ. ಇದು ಒಂಬತ್ತನೆಯದು. ಒಂಬತ್ತೂ ಹೀಗೇ.

ಒಂದು ತಿಂಗಳ ಅಳತೆ. ಮೂರು ದಿನಕ್ಕೊಂದು ಕಾಗದ, ಒಟ್ಟು ಹತ್ತು. ಕಾಗದ ಕಪ್ಪಾದಷ್ಟೂ ಕಾರ್ಖಾನೆಗೆ ಕುತ್ತು. ಮಿತಿ ಮೀರಿದರೆ ಅದಕ್ಕೆ ಬೀಗ. ಮೀರದಿದ್ದರೆ ಇನ್ನೈದು ವರ್ಷಕ್ಕೆ ಪರವಾನಗಿ. ಈ ಅಳತೆಗೆ ಒಪ್ಪಿಗೆ ಪಡೆಯಲು ಅವನು ಎರಡು ವರ್ಷ ಮೇಲಿನವರ ಬಾಗಿಲು ತಟ್ಟಿದ್ದ. ಈ ಬೀದಿಯಲ್ಲಿ ಒಗೆದ ಬಟ್ಟೆ ಒಣಗುವಷ್ಟರಲ್ಲಿ ಕಪ್ಪಾಗುತ್ತಿತ್ತು. ಇನ್ನು ಮಕ್ಕಳ ಎದೆಯ ಗತಿ ಹೇಳಬೇಕಾಗಿಲ್ಲ.

ಯಂತ್ರ ಇಟ್ಟಿದ್ದ ಮನೆಯಾಕೆಯ ಹಿರಿಮಗ ಹೋದ ವರ್ಷ ಉಸಿರು ಕಟ್ಟಿಯೇ ತೀರಿಕೊಂಡಿದ್ದ. ನಾಲ್ಕು ವರ್ಷದ ಮಗಳಿಗೂ ಈಗ ಅದೇ ಕೆಮ್ಮು. “ನಮ್ಮ ತಾರಸಿ ಮೇಲೇ ಇಡಿ ಸಾರ್, ದಮ್ಮಯ್ಯ,” ಎಂದು ಆಕೆ ಅಂಗಲಾಚಿದ್ದಳು. ನೆರೆಯವರೂ ತಮ್ಮ ಮನೆಗೇ ಬೇಕೆಂದು ಕಿತ್ತಾಡಿದ್ದರು. ಜನಕ್ಕೆ ಇಷ್ಟೊಂದು ಕಾಳಜಿ ಇದೆಯಲ್ಲ ಎಂದು ಅವನು ಹಿಗ್ಗಿದ್ದ. “ಇದು ಸುತ್ತಲ ಗಾಳಿ ಎಳ್ಕೊಳ್ಳುತ್ತೆ. ಕೊಳೆಯೆಲ್ಲ ಕಾಗದದಲ್ಲಿ ನಿಲ್ಲುತ್ತೆ. ಸರ್ಕಾರದ ವಸ್ತು, ಯಾರೂ ಮುಟ್ಟಬಾರದು,” ಎಂದಷ್ಟೇ ಹೇಳಿ ಜೀಪು ಹತ್ತಿದ್ದ.

ಈಗ ಆಕೆಯ ಮೇಲೇ ಅವನಿಗೆ ಗುಮಾನಿ. ಆಕೆಯ ಅಣ್ಣ ಕಾರ್ಖಾನೆಯ ಲಾರಿ ಓಡಿಸುತ್ತಿದ್ದ. ಆಕೆ ಮುಖ ಕೊಟ್ಟು ಮಾತಾಡುತ್ತಿರಲಿಲ್ಲ. ಅವನು ಬಂದಾಗಲೆಲ್ಲ ತಾರಸಿಯ ಮೆಟ್ಟಿಲು ಒದ್ದೆಯಾಗಿರುತ್ತಿತ್ತು.

“ಯಂತ್ರದ ಹತ್ರ ಯಾರಾದ್ರೂ ಬಂದಿದ್ರಾ?”

“ಯಾರನ್ನೂ ಬಿಟ್ಟಿಲ್ಲ ಸಾರ್. ನಾನೇ ಕಣ್ಣಲ್ಲಿ ಕಣ್ಣಿಟ್ಟು ಕಾಯ್ತಿದೀನಿ.” ಆಕೆ ಬೆರಳು ಹಿಸುಕಿಕೊಂಡಳು. “ತಿಂಗಳಾದ ಮೇಲೂ ಇದು ಇಲ್ಲೇ ಇರ್ಲಿ. ತಗೊಂಡು ಹೋಗ್ಬೇಡಿ.”

ಎಷ್ಟು ಧೈರ್ಯ! ಅವನು ಕೊನೆಯ ಕಾಗದ ಹಾಕಿ, ಮೊಹರು ಒತ್ತಿ, ಕೆಳಗಿಳಿದ. ಹೆತ್ತ ಮಗನನ್ನು ಕಳೆದುಕೊಂಡವಳೇ ಕಾರ್ಖಾನೆಯವರ ಕೈಗೊಂಬೆಯಾದಳೆ? ಅವನಿಗೆ ಸಿಟ್ಟಿಗಿಂತ ಹೆಚ್ಚಾಗಿ ದುಃಖವಾಯಿತು. ಇನ್ಯಾರಿಗಾಗಿ ತಾನು ಇಷ್ಟೆಲ್ಲ ಓಡಾಡಿದ್ದು ಅನ್ನಿಸಿತು.

ಬರಬೇಕಾದ ದಿನಕ್ಕಿಂತ ಒಂದು ದಿನ ಮೊದಲೇ, ನಡುಮಧ್ಯಾಹ್ನ, ಹೇಳದೆ ಕೇಳದೆ ಬಂದ. ಸದ್ದಾಗದಂತೆ ಮೆಟ್ಟಿಲು ಹತ್ತಿದ.

ಗುಮಾನಿ ನಿಜವಾಗಿತ್ತು. ಯಂತ್ರ ಗಾಳಿ ಎಳೆಯುವ ಕಡೆಗೆಲ್ಲ ಒದ್ದೆ ಬಟ್ಟೆ ಬಿಗಿದಿತ್ತು. ಮಸಿಯೆಲ್ಲ ಹೊರಗೇ ನಿಂತರೆ ಒಳಗಿನ ಕಾಗದ ಕಪ್ಪಾಗುವುದಾದರೂ ಹೇಗೆ? ಆಕೆ ಇನ್ನೊಂದು ಬಟ್ಟೆಯನ್ನು ಬಕೆಟ್ಟಿನಲ್ಲಿ ಜಾಲಿಸುತ್ತಿದ್ದಳು. ನೀರು ಕಪ್ಪಗಿತ್ತು.

“ಯಾರು ಹೇಳಿಕೊಟ್ರಮ್ಮ ಇದನ್ನ? ನಿಮ್ಮಣ್ಣನಾ?” ಅವನು ದನಿ ಎತ್ತಿದ. “ಸತ್ತ ಮಗನ ಮುಖನಾದ್ರೂ ನೆನಪಾಗ್ಲಿಲ್ವಾ?”

ಆಕೆ ಬೆಚ್ಚಿಬಿದ್ದು ಎದ್ದಳು. “ತಪ್ಪಾಯ್ತು ಸಾರ್. ಮುಟ್ಬಾರ್ದು ಅಂದಿದ್ರಿ. ಆದ್ರೆ ಇದೊಂದೇ ಎಷ್ಟು ಅಂತ ಕೊಳೆ ಹಿಡಿದೀತು? ಅದಕ್ಕೇ ನಾನೂ ಒಂದು ಕೈ ಹಾಕಿದೆ.” ಬಾಯಿಯ ಮೇಲೆ ಬೆರಳಿಟ್ಟಳು. “ಮೆಲ್ಲಗೆ ಸಾರ್. ಈಗತಾನೇ ನಿದ್ದೆ ಹತ್ತಿದೆ.”

ಆಕೆ ನೋಡಿದ ಕಡೆ ಅವನೂ ನೋಡಿದ.

ಯಂತ್ರದ ಹಿಂಬದಿ, ಚಾಪೆ ಕಟ್ಟಿದ ನೆರಳಿನಲ್ಲಿ, ಎಳೆದ ಗಾಳಿ ಹೊರಬೀಳುವ ಕಿಂಡಿಗೆ ಮುಖವಿಟ್ಟು, ಪುಟ್ಟ ಮಗಳು ಬಾಯಿ ತೆರೆದು ಮಲಗಿದ್ದಳು.