ಮೂರನೇ ಪ್ಲೇಟಿನ ಹೆಂಗಸು

ಹೊಸ್ತಿಲ ಮೇಲೆ ಮತ್ತೆ ನಿಂಬೆಹಣ್ಣು. ಈ ಸಲ ಎರಡು ಹೋಳಾಗಿತ್ತು, ಕುಂಕುಮ ಮೆತ್ತಿತ್ತು. ವೇಣು ಅದನ್ನು ದಾಟಿ ಒಳಗೆ ಹೋಗಿ ಚಿಲಕ ಹಾಕಿಕೊಂಡ. ಬಾಡಿಗೆದಾರನನ್ನು ಓಡಿಸಲು ಮಾಟವೇ ಮಾಡಿಸಬೇಕೆ? ಬಾಯಿಬಿಟ್ಟು ಹೇಳಿದ್ದರೆ ಸಾಕಿತ್ತು.

ಆದರೆ ಹೋಗುವುದೆಲ್ಲಿಗೆ? ಜರಗನಹಳ್ಳಿಯಲ್ಲಿ ಮದುವೆಯಾಗದ ಗಂಡಸಿಗೆ ಮನೆ ಸಿಗುವುದು ಹುಲಿ ಹಾಲು ತಂದಷ್ಟೇ ಕಷ್ಟ. ಮೇಲಿನ ಈ ರೂಮು ಕೊಡುವಾಗಲೇ ಮಾಲೀಕ ಬೋರಣ್ಣ ಕಡ್ಡಿ ಮುರಿದಂತೆ ಹೇಳಿದ್ದ.

“ತಣ್ಣಗಿರೋ ಬೀದಿ ಕಣಪ್ಪ. ಮುಂಚೆ ತಮಟೆ ಸದ್ದಾದ್ರೂ ಇತ್ತು. ಅದನ್ನ ಬಡೀತಿದ್ದ ನಮ್ ರಾಮಯ್ಯ ಬಸ್ ಡ್ರೈವರ್ ಆದ, ಅದೂ ನಿಂತೋಯ್ತು. ಗಲಾಟೆ ಗಿಲಾಟೆ ಮಾಡಿದ್ರೆ ಕತ್ತು ಹಿಡಿದು ಆಚೆಗ್ ಹಾಕ್ತೀನಿ.”

ವೇಣುವಿಗೆ ಇದ್ದದ್ದು ಒಂದೇ ಚಟ. ಸೋಲ್ ಹಾಡು. ಅಮೆರಿಕದ ಕಪ್ಪು ಜನ ಅರವತ್ತು ವರ್ಷದ ಹಿಂದೆ ಎದೆ ಬಿಚ್ಚಿ ಹಾಡಿದ ಹಾಡು. ಅವನ ಬಳಿ ಇದ್ದದ್ದು ಹತ್ತಾರು ಗಾಯಕರನ್ನು ಒಂದೇ ಡಬ್ಬಿಗೆ ತುಂಬಿದ ಹಳೆಯ ಗ್ರಾಮಫೋನ್ ಪ್ಲೇಟುಗಳ ಸಂಕಲನ. ಅದರ ಮಜವೇ ಬೇರೆ. ಒಬ್ಬ ಕಾಲಿಗೆ ಬಿದ್ದು ಬೇಡಿಕೊಳ್ಳುತ್ತಿರುತ್ತಾನೆ. ಅವನ ಕಣ್ಣೀರು ಆರುವ ಮೊದಲೇ ಇನ್ನೊಬ್ಬಳು ಬಂದು ಗದರುತ್ತಾಳೆ. ಮದುವೆ ಊಟದ ಹಾಗೆ, ಎಲೆಗೆ ಮುಂದೇನು ಬೀಳುತ್ತದೋ ಎಂದು ಕಾಯುವುದೇ ಸುಖ. ಮೂರನೇ ಪ್ಲೇಟಿನ ಕೊನೆಗೆ ಒಬ್ಬ ಹೆಂಗಸು ಬರುತ್ತಿದ್ದಳು. ಡ್ರಮ್ಮಿನ ಏಟು ಬಿಗಿಯಾದಂತೆ ಅವಳ ಕೂಗು ಏರುತ್ತಿತ್ತು. ಅಲ್ಲಿಗೆ ವೇಣುವಿಗೆ ಆಫೀಸೂ ಮರೆಯುತ್ತಿತ್ತು, ಬನಶಂಕರಿ ಟ್ರಾಫಿಕ್ಕೂ ಮರೆಯುತ್ತಿತ್ತು.

ರಗಳೆ ಶುರುವಾದದ್ದೇ ಆ ಹಾಡಿಗೆ. ಮೊದಲು ಕೆಳಗಿನಿಂದ ಬೋರಣ್ಣನ ಹೆಂಡತಿ ನಾರಾಯಣಮ್ಮನ ಕಿರುಚಾಟ. ನೆಲ ಅದುರುವಂತೆ ಕಾಲು ಬಡಿದ ಸದ್ದು. ಹಿಂದೆಯೇ ಬೋರಣ್ಣನ ಗಂಟಲು: “ಸಾಕು! ಸಾಕು!”

ಮಾರನೆಯ ಸಂಜೆ ವೇಣು ದನಿ ತಗ್ಗಿಸಿದ. ಕಿರುಚಾಟ ತಗ್ಗಲಿಲ್ಲ. ವಾರ ಕಳೆಯುವಷ್ಟರಲ್ಲಿ ಗೇಟಿನ ಬಳಿ ಚಪ್ಪಲಿಗಳ ರಾಶಿ. ಊರವರನ್ನು ಕೂಡಿಸಿ ಪಂಚಾಯಿತಿ ಮಾಡುತ್ತಿದ್ದಾರೆ ಅಂದುಕೊಂಡ. ಮೆಟ್ಟಿಲ ಬಳಿ ಒಬ್ಬ ಮುದುಕಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

“ಇವ್ನೇನಾ?”

“ಇವ್ನೇ,” ಎಂದ ಬೋರಣ್ಣ.

ಮರುದಿನವೇ ವೇಣು ಹೆಡ್‌ಫೋನ್ ಕೊಂಡ. ಮನೆಯಲ್ಲಿ ಸೂಜಿ ಬಿದ್ದರೂ ಕೇಳುವಷ್ಟು ಮೌನ. ಆದರೂ ನಿಂಬೆಹಣ್ಣು ನಿಲ್ಲಲಿಲ್ಲ. ಜೊತೆಗೆ ಬೇವಿನ ಸೊಪ್ಪೂ ಸೇರಿತು. ಎದುರು ಸಿಗುವ ಬೋರಣ್ಣನ ಮುಖ ದಿನದಿನಕ್ಕೆ ಗಂಟಾಗುತ್ತಾ ಹೋಯಿತು.

ಇವತ್ತು ಇತ್ಯರ್ಥ. ವೇಣು ಬಟ್ಟೆಗಳನ್ನು ಬ್ಯಾಗಿಗೆ ತುರುಕುವಷ್ಟರಲ್ಲಿ ಬಾಗಿಲು ದಡದಡ ಬಡಿದ ಸದ್ದಾಯಿತು.

“ತೆಗಿಯೋ ಬಾಗ್ಲು!”

ತೆಗೆದ. ಬೋರಣ್ಣನ ಕಣ್ಣು ಕೆಂಡ. ಅವನ ಹಿಂದೆ ಮೆಟ್ಟಿಲ ತುಂಬ ಜನ. ಕೆಳಗಿನಿಂದ ಕರ್ಪೂರದ ಹೊಗೆ.

“ಏನಯ್ಯಾ, ಜನರ ಮುಂದೆ ನನ್ ಮರ್ಯಾದೆ ತೆಗೀಬೇಕು ಅಂತ್ಲೇ ಬಂದಿದೀಯಾ? ಮನೆ ಕೊಟ್ಟಿದ್ದೇ ತಪ್ಪಾಯ್ತಾ?”

“ಅಂಕಲ್, ನಾನೇನ್ ಮಾಡ್ದೆ? ಒಂಚೂರೂ ಸದ್ದು ಬರಲ್ಲ ಈಗ. ನೋಡಿ, ಇದನ್ನ ಹಾಕ್ಕೊಂಡೇ ಕೇಳ್ತೀನಿ.”

ಬೋರಣ್ಣ ಹೆಡ್‌ಫೋನ್ ಕಿತ್ತುಕೊಂಡು ತಿರುವಿ ನೋಡಿದ. “ಎಲ್ಲಾ ಹಾಳ್ ಮಾಡಿದ್ದು ಈ ದರಿದ್ರದ್ದೇನಾ?” ಎಂದವನೇ ಕಿಟಕಿಯಾಚೆ ಎಸೆದ. ಅದು ಪಕ್ಕದ ಮನೆಯ ಸಿಂಟೆಕ್ಸ್ ಟ್ಯಾಂಕಿನ ಮೇಲೆ ಬಿದ್ದು ಚೂರಾಯಿತು.

ವೇಣು ಕೈ ಮುಗಿದ. “ನಾಳೆ ಬೆಳಗ್ಗೆನೇ ಖಾಲಿ ಮಾಡ್ತೀನಿ ಅಂಕಲ್. ಆ ಮೂರನೇ ಪ್ಲೇಟು, ಪೆಟ್ಟಿಗೆ ಎಲ್ಲಾ ಎತ್ಕೊಂಡ್ ಹೋಗ್ತೀನಿ.”

“ಹೊಸ್ತಿಲು ದಾಟಿದ್ರೆ ಕಾಲ್ ಮುರೀತೀನಿ!”

ಬೋರಣ್ಣ ಒಮ್ಮೆ ಹಿಂದೆ ನೋಡಿ ದನಿ ತಗ್ಗಿಸಿದ.

“ನಿನ್ ಹೊಸ್ತಿಲಿಗೆ ನಿಂಬೆಹಣ್ಣಿಟ್ಟು ಪೂಜೆ ಮಾಡಿದ್ದೂ ಆಯ್ತು, ಕೋಣನಕುಂಟೆಯಿಂದ್ಲೂ ಜನ ಬಂದವ್ರೆ, ನಿಮ್ ಆಂಟಿ ತಲೆಗೂದ್ಲು ಬಿಚ್ಕೊಂಡು ಕಾಯ್ತಾ ಕೂತವ್ಳೆ. ಆ ಮೂರನೇ ಪ್ಲೇಟಿನ ಹೆಂಗಸು ಕೂಗ್ದಿದ್ರೆ ಅಮ್ಮನವ್ರು ಮೈಮೇಲೆ ಬರ್ತಾನೇ ಇಲ್ಲ ಕಣಪ್ಪ, ಹಾಕು ಜೋರಾಗಿ!”