ಕಚ್ಚುವ ಕಂಪ್ಯೂಟರ್

"ಅಯ್ಯಪ್ಪಾ!" ನಂದಕುಮಾರ್ ಕೈ ಕೊಡವಿಕೊಂಡು ಹಿಂದಕ್ಕೆ ಹಾರಿದ. ಹಿಡಿದಿದ್ದ ಕರಿ ವೈರು ನೆಲಕ್ಕೆ ಬಿತ್ತು. "ಲೇ ರಾಜೇಂದ್ರ, ನಿನ್ನ ಡಬ್ಬಾ ಕಚ್ಚುತ್ತೆ ಕಣೋ!"

ಬೆಳಗ್ಗೆಯಿಂದ ಇದು ನಾಲ್ಕನೇ ಸಲ. ರಾಜೇಂದ್ರನಿಗೆ ಎರಡು, ನಂದಕುಮಾರನಿಗೆ ಎರಡು. ಪಕ್ಷಪಾತವಿಲ್ಲದ ಯಂತ್ರ.

ದೊಡ್ಡಬಳ್ಳಾಪುರದ ಆ ಹಾಸ್ಟೆಲಿನ ಆರು ಕಂಪ್ಯೂಟರುಗಳನ್ನು ಒಂದೇ ವೈರಿನಲ್ಲಿ ಪೋಣಿಸಿ ನೆಟ್‌ವರ್ಕ್ ಮಾಡಿದವನು ನಂದಕುಮಾರ್. ತೊಂಬತ್ತೆಂಟನೇ ಇಸವಿಯಲ್ಲಿ ಇದು ಸಣ್ಣ ಮಾತಲ್ಲ. ಅವನು ಕಾಲರ್ ಎತ್ತಿಕೊಂಡೇ ಓಡಾಡುತ್ತಿದ್ದ. ಏಳನೆಯದು ರಾಜೇಂದ್ರನದು. ನೆಲಮಂಗಲದ ಚಿಕ್ಕಪ್ಪನ ಲಾರಿ ಆಫೀಸಿನಿಂದ ಅವನ ಮನೆಗೆ, ಮನೆಯಿಂದ ಈಗ ಇಲ್ಲಿಗೆ ಬಂದ ಹಳೇ ಕಬ್ಬಿಣದ ಪೆಟ್ಟಿಗೆ. ಅದರ ಫ್ಲಾಪಿ ಡ್ರೈವ್ ಸತ್ತು ವರ್ಷವಾಗಿತ್ತು, ಒಳಗಿದ್ದುದನ್ನು ಬೇರೆ ಕಂಪ್ಯೂಟರಿಗೆ ನಕಲು ಮಾಡಿಕೊಳ್ಳುವಂತಿರಲಿಲ್ಲ.

ಒಳಗೆ ರಾಜೇಂದ್ರನ ಪ್ರಾಜೆಕ್ಟ್ ವರದಿಯಿತ್ತು. ಅರವತ್ತು ಪುಟ. ಈ ವೈರು ಸೇರಿದರೆ ಅದು ನಂದಕುಮಾರನ ಪ್ರಿಂಟರಿಗೆ ಹೋಗುತ್ತದೆ. ಸೇರದಿದ್ದರೆ ಸಂಜೆ ನಾಲ್ಕಕ್ಕೆ ಕಾಲೇಜಿಗೆ ಬರಿಗೈಯಲ್ಲಿ ಹೋಗಬೇಕು, ಒಂದು ವರ್ಷ ನೀರುಪಾಲು. ವೈರು ಸಿಕ್ಕಿಸುವ ತೂತೋ ಸಡಿಲ. ಪ್ರಿಂಟ್ ಮುಗಿಯುವವರೆಗೂ ಒಬ್ಬರು ಪೆಟ್ಟಿಗೆಯ ಬೆನ್ನಿಗೆ ಒತ್ತಿ ಹಿಡಿದಿರಲೇಬೇಕು. ಟವೆಲ್ ಸುತ್ತಿಕೊಂಡರೆ ಹಿಡಿತ ಜಾರುತ್ತಿತ್ತು, ಬರಿಗೈಯಲ್ಲಿ ಹಿಡಿದರೆ ಪೆಟ್ಟಿಗೆ ಹೊಡೆಯುತ್ತಿತ್ತು.

ರಾಜೇಂದ್ರನ ಗ್ರಹಚಾರವೇ ಸರಿಯಿರಲಿಲ್ಲ. ಎರಡು ವಾರದ ಹಿಂದೆ ಇದೇ ಕೋಣೆಯ ಹೊರಗೆ ಅವನ ಹೊಸ ಹವಾಯಿ ಚಪ್ಪಲಿ ಮಾಯವಾಗಿತ್ತು. ಘಾಟಿ ಜಾತ್ರೆಗೆ ಹೋದಾಗ ಯಾರದೋ ಜೊತೆ ಅದಲುಬದಲಾಗದಿರಲಿ ಎಂದು ಅವನ ಅಮ್ಮ ಚಪ್ಪಲಿಯ ಬಾರಿಗೆ ಕೆಂಪು ನೂಲು ಸುತ್ತಿಕೊಟ್ಟಿದ್ದಳು. ಘಾಟಿಯ ಜನಜಂಗುಳಿಯಲ್ಲಿ ಉಳಿದ ಚಪ್ಪಲಿ ಹಾಸ್ಟೆಲಿನಲ್ಲಿ ಹೋಯಿತು! ಹೊರಗೆ ಬಿಡದೆ ವಿಧಿಯಿರಲಿಲ್ಲ. ಬಾಗಿಲ ಮೇಲೆ ವಾರ್ಡನ್ ಕೋದಂಡರಾಮಯ್ಯನವರೇ ಕೈಯಾರೆ ಬರೆದ ಬೋರ್ಡು ತೂಗುತ್ತಿತ್ತು: 'ಇದು ಸರಸ್ವತಿಯ ಸನ್ನಿಧಿ. ಪಾದರಕ್ಷೆ ಹೊರಗೆ.'

"ಏನಪ್ಪಾ ಗಲಾಟೆ?" ಎನ್ನುತ್ತ ಅವರೇ ಬಂದರು.

ತಿಂಗಳ ಹಿಂದೆ ಹಿಮ್ಮಡಿ ಒಡೆದು, ಹೆಜ್ಜೆಗೊಂದು ದೇವರನ್ನು ಕೂಗುತ್ತ ಕುಂಟುತ್ತಿದ್ದವರು ಈಗ ಮದುಮಗನ ಹಾಗೆ ನಡೆಯುತ್ತಿದ್ದರು. ಅಡುಗೆಯ ಅಕ್ಕಯ್ಯಮ್ಮ ಕೊಟ್ಟ ಹರಳೆಣ್ಣೆಯ ಮಹಿಮೆ ಎಂದು ಹಾಸ್ಟೆಲೆಲ್ಲ ಮಾತು. ಮೊದಲೆಲ್ಲ ಮೊಣಕಾಲಿಗೆ ಎತ್ತಿ ಕಟ್ಟುತ್ತಿದ್ದ ಪಂಚೆಯನ್ನೂ ಈಚೆಗೆ ನೆಲ ಗುಡಿಸುವಂತೆ ಇಳಿಬಿಡುತ್ತಿದ್ದರು. ಕಂಪ್ಯೂಟರ್ ಇರುವ ಹಾಸ್ಟೆಲಿನ ವಾರ್ಡನ್ ಎಂದ ಮೇಲೆ ಒಂದು ಗಾಂಭೀರ್ಯ ಬೇಡವೇ?

"ಕರೆಂಟ್ ಹೊಡೀತಿದೆ ಸಾರ್," ಎಂದ ನಂದಕುಮಾರ್.

"ಹೊಡೆಯೋದನ್ನೆಲ್ಲ ಇಲ್ಲಿ ಇಟ್ಕೊಳ್ಳೋಕೆ ಆಗಲ್ಲ. ಮಧ್ಯಾಹ್ನ ನಿಮ್ಮ ಚಿಕ್ಕಪ್ಪನ ಲಾರಿ ಬರುತ್ತಲ್ಲ ರಾಜೇಂದ್ರ, ಹೇರಿ ಕಳಿಸಿಬಿಡು."

"ಸಾರ್, ಒಂದೇ ಒಂದು ಪ್ರಿಂಟ್ ಸಾರ್. ನನ್ನ ವರ್ಷ ಹೋಗಿಬಿಡುತ್ತೆ." ಹುಡುಗನ ಕಣ್ಣಲ್ಲಿ ನೀರೇ ಬಂತು.

ಕೋದಂಡರಾಮಯ್ಯನವರ ಮನಸ್ಸು ಸ್ವಲ್ಪ ಕರಗಿತು. "ಸರಿ, ಎಷ್ಟು ಹೊಡೆಯುತ್ತೋ ನೋಡೋಣ," ಎಂದು ಒಂದು ಬೆರಳು ತಾಗಿಸಿದರು. ಏನೂ ಆಗಲಿಲ್ಲ. ಇಡೀ ಅಂಗೈ ಊರಿದರು. ಊಹೂಂ. ಎಮ್ಮೆಯ ಬೆನ್ನು ತಟ್ಟಿದಂತೆ ಪಟಪಟ ತಟ್ಟಿದರು. "ಎಲ್ಲಯ್ಯಾ ಕಚ್ಚುತ್ತೆ?"

ನಂದಕುಮಾರ್ ನಂಬದೆ ಮತ್ತೆ ಮುಟ್ಟಿದ. "ಅಮ್ಮಾ!" ಐದನೇ ಸಲ.

ವಾರ್ಡನ್ನರ ಮುಖ ಅರಳಿತು. "ನೋಡಿದ್ರಾ? ಯಂತ್ರಕ್ಕೂ ಮನುಷ್ಯರ ಯೋಗ್ಯತೆ ಗೊತ್ತಾಗುತ್ತೆ. ಕೈ ಶುದ್ಧ ಇದ್ರೆ ಯಾಕೆ ಕಚ್ಚುತ್ತೆ? ಅಲ್ಲಪ್ಪಾ ರಾಜೇಂದ್ರ, ಚಪ್ಪಲಿ ಕಳ್ಳನ್ನ ಹಿಡಿಯೋಕೆ ಇದಕ್ಕಿಂತ ಬೇಕಾ? ಒಬ್ಬೊಬ್ಬರನ್ನೇ ಕರೆದು ಮುಟ್ಟಿಸು. ಕಳ್ಳ ಇವತ್ತೇ ಸಿಗ್ತಾನೆ!"

"ಹಾಗಾದ್ರೆ ನಾನು ಕಳ್ಳನಾ ಸಾರ್?" ನಂದಕುಮಾರನ ಕಾಲರ್ ಇಳಿಯಿತು.

"ನಾನು ಹೇಳಿಲ್ಲಪ್ಪಾ. ಅದು ಹೇಳ್ತಿದೆ."

ಆಗಲೇ ಅಕ್ಕಯ್ಯಮ್ಮ ಕಾಫಿ ಲೋಟಗಳ ತಟ್ಟೆ ಹಿಡಿದು ಬಂದಳು. ಮನೆಯಲ್ಲಿ ಎರಡು ಪವರ್‌ಲೂಮ್ ಮಗ್ಗ ಇಟ್ಟುಕೊಂಡು, ಹಾಸ್ಟೆಲಿನಲ್ಲಿ ಅಡುಗೆ, ನೆಲ ಒರೆಸುವುದು ಎರಡನ್ನೂ ಮಾಡುತ್ತಿದ್ದ ಹೆಂಗಸು. ವಾರ್ಡನ್ ಪೆಟ್ಟಿಗೆಯ ಮೇಲಿನ ಕೈ ತೆಗೆಯದೆಯೇ ಕರೆದರು. "ಬಾರಮ್ಮ, ನೀನೂ ಮುಟ್ಟು. ಯಾರಿಗೂ ಪಕ್ಷಪಾತ ಬೇಡ."

"ನನಗೇನು ತಲೆ ಕೆಟ್ಟಿದ್ಯಾ ಸಾಮಿ? ಒರೆಸಿದ ನೆಲ ಇನ್ನೂ ಒಣಗಿಲ್ಲ," ಎಂದಳು ಅಕ್ಕಯ್ಯಮ್ಮ. "ನಮ್ಮನೆ ಮಗ್ಗದ ಮೋಟ್ರೂ ಹಿಂಗೇ. ಬರಿಗಾಲಲ್ಲಿ ಮುಟ್ಟಿದ್ರೆ ಎಂಥ ದೇವ್ರಂಥ ಮನುಷ್ಯನಿಗೂ ಜುಮ್ ಅನ್ನುತ್ತೆ. ರಬ್ಬರ್ ಚಪ್ಪಲಿ ಮೆಟ್ಕೊಂಡೋರಿಗೆ ಮಾತ್ರ ಏನೂ ಆಗಲ್ಲ."

ನಂದಕುಮಾರನ ಕಣ್ಣು ಪೆಟ್ಟಿಗೆಯ ಮೇಲಿದ್ದ ಶುದ್ಧವಾದ ಕೈಯಿಂದ ಹೊರಟು, ಅಂಗಿಯ ಗುಂಡಿಗಳನ್ನು ದಾಟಿ, ಪಂಚೆಯುದ್ದಕ್ಕೂ ಇಳಿದು, ನೆಲ ಗುಡಿಸುತ್ತಿದ್ದ ಅಂಚಿನಲ್ಲಿ ನಿಂತಿತು. ಅಂಚಿನ ಕೆಳಗಿಂದ ಒಂದು ಕೆಂಪು ನೂಲು ಇಣುಕುತ್ತಿತ್ತು.

ರಾಜೇಂದ್ರ ಬಗ್ಗಿ ನೆಲದಿಂದ ಕರಿ ವೈರನ್ನು ಎತ್ತಿ, ತುಂಬಾ ವಿನಯದಿಂದ ವಾರ್ಡನ್ನರ ಕೈಗೆ ಕೊಟ್ಟ. "ಅರವತ್ತು ಪುಟ ಮುಗಿಯೋವರೆಗೂ ನೀವೇ ಒತ್ತಿ ಹಿಡ್ಕೊಂಡಿರಿ ಸಾರ್. ಆಮೇಲೆ ನನ್ನ ಚಪ್ಪಲಿ ಬಿಚ್ಚಿಕೊಡಿ, ಕಾಲೇಜಿಗೆ ಹಾಕ್ಕೊಂಡು ಹೋಗ್ಬೇಕು."