ನಾಯಿಗಳಿಗೆಲ್ಲ ಒಂದೇ ದನಿ

ನಾಯಿಗಳ ಮನಸ್ಸನ್ನು ಮಾತಾಗಿ ಕೇಳಿಸುವ ಕೊರಳಪಟ್ಟಿ ಬಂದಾಗ, ಅದಕ್ಕೆ ದನಿ ಕೊಟ್ಟವರು ಶೇಷಗಿರಿ. ಮೂವತ್ತು ವರ್ಷ ಕಾರ್ಟೂನುಗಳಿಗೆ ಕಂಠ ಕೊಟ್ಟಿದ್ದವರು. ಕರಡಿ, ಕಪ್ಪೆ, ಮುನಿಸಿಕೊಂಡ ರೈಲು ಎಂಜಿನ್ನು ಎಲ್ಲ ಸೇರಿ ನಾನೂರಕ್ಕೂ ಹೆಚ್ಚು ಪಾತ್ರ. ಈಗ ಮೈಸೂರಿನ ಸಾಕುನಾಯಿಗಳೆಲ್ಲ ಅವರ ದನಿಯಲ್ಲೇ ಮಾತಾಡುತ್ತಿದ್ದವು. ಅವರು ಸೊಪ್ಪಿನ ಬೆಲೆ ಕೇಳಿದರೆ ಮಾರುವವಳು ಮೊದಲು ನಾಯಿ ಎಲ್ಲಿದೆ ಎಂದು ಕೆಳಗೆ ನೋಡುತ್ತಿದ್ದಳು.

ಒಂದು ಬೆಳಗ್ಗೆ ನಾಗವೇಣಮ್ಮ ಎಂಬ ನಿವೃತ್ತ ನರ್ಸು ವಿಳಾಸ ಹುಡುಕಿಕೊಂಡು ಅವರ ಮನೆಗೆ ಬಂದರು.

“ನಮ್ಮ ಕೆಂಚ ಹೋದ ವಾರ ತೀರ್ಕೊಂಡ ಸಾರ್. ಒಂದೇ ಒಂದ್ಸಲ ಅವನ ಥರ ಮಾತಾಡ್ತೀರಾ?”

ಶೇಷಗಿರಿಯವರಿಗೆ ಮುಜುಗರವಾಯಿತು. “ದನಿ ಮಾತ್ರ ನಂದು ತಾಯಿ, ಮಾತು ನಿಮ್ಮ ನಾಯೀದು. ಅವನ ಹೆಸರಲ್ಲಿ ನಾನು ಏನಾದ್ರೂ ಹೇಳಿದ್ರೆ ಸುಳ್ಳಾಗುತ್ತೆ.”

“ದೊಡ್ಡ ಮಾತೇನೂ ಬೇಡ. ನಾನು ಹೊರಗಿಂದ ಬಂದ ತಕ್ಷಣ ‘ವೇಣೀ, ಬಂದ್ಯಾ?’ ಅಂತಿದ್ದ. ನನ್ನನ್ನ ಹಾಗೆ ಕರೆಯೋರು ಇನ್ಯಾರೂ ಉಳಿದಿಲ್ಲ.”

ಶೇಷಗಿರಿ ಒಂದು ಗುಟುಕು ನೀರು ಕುಡಿದರು. ಆಮೇಲೆ ಅಭಿನಯವೇನೂ ಬೆರೆಸದೆ, “ವೇಣೀ, ಬಂದ್ಯಾ?” ಅಂದರು.

“ಬಂದೆ ಕಣೋ,” ಅಂದರು ನಾಗವೇಣಮ್ಮ. “ಬಸ್ಸೇ ಸಿಗಲಿಲ್ಲ. ಕಾಲು ಬೇರೆ ನೋವು...”

ಹಾಗೆ ಶುರುಮಾಡಿ ಒಂದು ವಾರದ ಸುದ್ದಿಯನ್ನೆಲ್ಲ ಹೇಳಿದರು. ಶೇಷಗಿರಿ ನಡುವೆ ಒಂದು ಮಾತೂ ಆಡದೆ, ಅವರ ಮುಖವನ್ನೇ ನೋಡುತ್ತ ಕೇಳಿಸಿಕೊಂಡರು.